ನೀರು ದಾಟುವ ಹೋಲ್ ಆಡುವುದು ಹೇಗೆ? ಚಿಕ್ಕಬಳ್ಳಾಪುರ ಗಾಲ್ಫ್ ಗುಂಪಿನಲ್ಲಿ ಕೋಚ್ ಜೊತೆ ಪ್ರಶ್ನೋತ್ತರ

ಕೋಚ್: ರಾತ್ರಿ ಒಂಬತ್ತರವರೆಗೆ ಇರುತ್ತೇನೆ. ಪಂದ್ಯದ ಮೈದಾನಗಳಲ್ಲಿ ನಿಮ್ಮನ್ನು ಕಾಡುವ ಹೋಲ್‌ಗಳ (ಮೊದಲ ಹೊಡೆತದ ಜಾಗದಿಂದ ಬಾವುಟದ ಕುಳಿಯವರೆಗಿನ ಹಾದಿ) ಬಗ್ಗೆ ಕೇಳಿ.

ಗೌರಿಬಿದನೂರು: ಸರ್, ಇಕ್ಕಟ್ಟಿನ ಹೋಲ್‌ನಲ್ಲಿ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಕೋಲು) ಹೊಡೆದರೆ ಚೆಂಡು ಬಲಕ್ಕೆ ತಿರುಗುತ್ತೆ.

ಕೋಚ್: ಹೊಡೆಯುವ ಕ್ಷಣ ಕ್ಲಬ್ಬಿನ ಮುಖ ತೆರೆದಿರುತ್ತದೆ. ಎಡಗೈ ಹಿಡಿತವನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಎರಡು ಗೆಣ್ಣು ಕಾಣಬೇಕು. ಸರಿಹೋಗುವವರೆಗೆ ಅಂಥ ಹೋಲ್‌ನಲ್ಲಿ ಡ್ರೈವರ್ ಬ್ಯಾಗಿನಲ್ಲೇ ಇರಲಿ.

ಶಿಡ್ಲಘಟ್ಟ: ಸರ್, ನನಗೆ 17 ವರ್ಷ. ಇಲ್ಲಿ ನನ್ನ 7 ಐರನ್ ಕ್ಲಬ್ಬಿನ ಹೊಡೆತ 150 ಯಾರ್ಡ್ ಹೋಗುತ್ತೆ. ಹೋದ ತಿಂಗಳು ಚೆನ್ನೈನಲ್ಲಿ ಪಂದ್ಯ ಇತ್ತು. ನೀರು ದಾಟುವ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್), ಬಾವುಟಕ್ಕೆ ಸರಿಯಾಗಿ 150. ಎರಡು ದಿನವೂ ಚೆಂಡು ಗ್ರೀನಿನ (ಬಾವುಟ ಇರುವ ನುಣುಪು ಹುಲ್ಲಿನ ಜಾಗ) ಅಂಚಿನ ಕಲ್ಲಿಗೆ ಬಡಿದು ನೀರಿಗೆ ಬಿತ್ತು. ಹೊಡೆತ ಚೆನ್ನಾಗೇ ಇತ್ತು. ಭಯ ಬಿದ್ದೆ ಅಂತಾರೆ ಅಪ್ಪ. ಭಯಾನಾ ಸರ್?

ಕೋಚ್: ಭಯ ಅಲ್ಲ ಕಣಪ್ಪ. ಕಾರಣ ಗಾಳಿ. ನಮ್ಮ ಸೀಮೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ತೆಳು, ಚೆಂಡನ್ನು ಕಡಿಮೆ ತಡೆಯುತ್ತದೆ. ಚೆನ್ನೈ ಕಡಲ ದಡ. ಇಲ್ಲಿ 150 ಹೋಗುವ ಹೊಡೆತ ಅಲ್ಲಿ 145ರ ಆಸುಪಾಸಿನಲ್ಲಿ ಇಳಿಯುತ್ತದೆ. ಕಡಲಗಾಳಿ ಎದುರಾದರೆ ಇನ್ನೂ ಹಿಂದೆ. 7ಕ್ಕಿಂತ ದೂರ ಹೋಗುವ 6 ಐರನ್ ತಗೋ, ಮೆತ್ತಗೆ ಬೀಸು.

ಇನ್ನೊಂದು ಮಾತು. ಬಾವುಟದ ದೂರ ಕೇಳಬೇಡ, ಗ್ರೀನಿನ ನಡುವಿನ ದೂರ ಕೇಳು. ಮಾಸ್ಟರ್ಸ್ ಟೂರ್ನಿ ನಡೆಯುವ ಅಮೆರಿಕದ ಆಗಸ್ಟಾದ 12ನೇ ಹೋಲ್ ಕೂಡ ನೀರು ದಾಟುವ ಪಾರ್ 3, ಬರೀ 155 ಯಾರ್ಡ್. 2019ರ ಮಾಸ್ಟರ್ಸ್ ಕೊನೆಯ ದಿನ ಬಾವುಟ ಬಲತುದಿಯಲ್ಲಿತ್ತು. ಮೊಲಿನಾರಿ, ಕೆಪ್ಕಾ ಇಬ್ಬರ ಚೆಂಡೂ ನೀರಿಗೆ ಹೋಯಿತು. ಟೈಗರ್ ವುಡ್ಸ್ ಬಾವುಟದ ಕಡೆ ನೋಡದೆ ಬಂಕರ್ (ಮರಳಿನ ಗುಂಡಿ) ಮೇಲಿಂದ ನಡುವಿಗೆ ಹೊಡೆದರು. ಗ್ರೀನಿನ ಮೇಲೆ ಎರಡು ಪಟ್ (ಮೆಲ್ಲನೆ ಉರುಳಿಸುವ ಹೊಡೆತ), ಒಟ್ಟು ಮೂರು, ಪಾರ್. ಗೆದ್ದದ್ದೂ ಅವರೇ. ಒಮ್ಮೆ ನೀರಿಗೆ ಬಿದ್ದರೆ ಎರಡನೆಯದನ್ನು ಅವಸರದಲ್ಲಿ ಹೊಡೆಯಬೇಡ. 2016ರಲ್ಲಿ ಸ್ಪೀತ್ ಅದೇ ಹೋಲ್‌ನಲ್ಲಿ ಎರಡು ಚೆಂಡು ಮುಳುಗಿಸಿ 7 ಹೊಡೆತ ಬರೆಸಿಕೊಂಡರು.

ಗುಡಿಬಂಡೆ: ಸರ್, ಮಳೆಗೆ ಬಂಕರ್ ಮರಳು ಗಟ್ಟಿಯಾದರೆ ಯಾವ ವೆಜ್ (ಚೆಂಡು ಎತ್ತರಕ್ಕೆ ಏರಿಸುವ ಕ್ಲಬ್) ತಗೋಬೇಕು?

ಬಾಗೇಪಲ್ಲಿ: ಬಂದ ಮೆಸೇಜ್: ‘ಆಡುವಾಗ ಸಿಡಿಲು ಬಂದರೆ ಹೆದರಬೇಡಿ. ರಬ್ಬರ್ ಗ್ರಿಪ್, ರಬ್ಬರ್ ಶೂ ಕಾಪಾಡುತ್ತೆ. ಮರದ ಕೆಳಗೆ ನಿಂತರೆ ಸಾಕು. ಎಲ್ಲರಿಗೂ ಕಳಿಸಿ.’

ಕೋಚ್: ಇದನ್ನು ಈಗಲೇ ಅಳಿಸಿ. ಶುದ್ಧ ಸುಳ್ಳು. ರಬ್ಬರ್ ಸಿಡಿಲನ್ನು ತಡೆಯಲ್ಲ. ಮರದ ಕೆಳಗೆ ನಿಂತು ಎಷ್ಟೋ ಜನ ಸತ್ತಿದ್ದಾರೆ. ಮೇ ತಿಂಗಳ ಸಂಜೆ ನಂದಿ ಬೆಟ್ಟದ ಕಡೆ ಗುಡುಗು ಕೇಳಿಸಿತಾ, ಆಟ ಬಿಟ್ಟು ಪಕ್ಕಾ ಕಟ್ಟಡಕ್ಕೋ ಗಾಜು ಏರಿಸಿದ ಕಾರಿಗೋ ಹೋಗಿ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಹೊರಗೆ ಬರಬೇಡಿ. ನಿಮ್ಮ ಬ್ಯಾಗ್ ಹೊರುವ ಕ್ಯಾಡಿಗಳನ್ನೂ ಒಳಗೆ ಕರೆದುಕೊಳ್ಳಿ. ಅವರೂ ಹೆಂಡತಿ ಮಕ್ಕಳಿರುವವರು.

ಚಿಂತಾಮಣಿ: ನಮ್ಮ ಕಡೆ 1,000 ಅಡಿ ಕೊರೆದರೂ ಬೋರ್‌ನಲ್ಲಿ ನೀರಿಲ್ಲ. ಹುಲ್ಲಿಗೆ ನೀರು ಹಾಯಿಸುವ ಈ ಆಟ ಬೇಕಾ?

ಕೋಲಾರ: ಅದಕ್ಕೆ ಸಂಸ್ಕರಿಸಿದ ನೀರು ಸಾಕು. ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ನಮ್ಮ ಕೆರೆಗೆ ಕೆ.ಸಿ. ವ್ಯಾಲಿ, ನಿಮ್ಮ ಜಿಲ್ಲೆಗೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬಂತಲ್ವಾ?

ಚಿಂತಾಮಣಿ: ಅದು ಅಂತರ್ಜಲಕ್ಕೆ ಅಂತ ತಂದ ನೀರು. ನಿಮ್ಮ ಹುಲ್ಲಿಗಲ್ಲ.

ಕೋಲಾರ: ಈ ಕೆಲಸದಿಂದಲೇ ಎಷ್ಟೋ ಕ್ಯಾಡಿಗಳ ಮನೆ ನಡೆಯುತ್ತೆ. ಗೊತ್ತಿಲ್ಲದೆ ಮಾತಾಡಬೇಡಿ.

ಚಿಂತಾಮಣಿ: ಗೊತ್ತಿಲ್ಲದಿರೋದು ನಿಮಗೆ. ಬಂದು ನನ್ನ ಬತ್ತಿದ ಬೋರ್ ನೋಡಿ.

ಗೌರಿಬಿದನೂರು 2: ಸರ್, ಚೆಂಡು ಬಲಕ್ಕೆ ಹೋಗುತ್ತೆ. ಪರಿಹಾರ?

ಕೋಚ್: ಮೇಲೆ ಓದಿ.

ಬಾಗೇಪಲ್ಲಿ: ಒಳ್ಳೇದಾಗಲಿ ಅಂತ ಹಾಕಿದೆ ಸರ್. ಇಷ್ಟು ಗದರಬೇಕಾ?

ಕೋಚ್: ಇನ್ನೂ ಅಳಿಸಿಲ್ಲ ನೀವು.

ಶಿಡ್ಲಘಟ್ಟ: ಸರ್, ಬಾವುಟ ಮುಂದೇ ಇತ್ತು. ನೀರಿನಂಚಿಂದ ನಾಲ್ಕು ಯಾರ್ಡ್. ಮುಂದಿನ ವಾರ ಮತ್ತೆ ಅಲ್ಲೇ ಪಂದ್ಯ.

ಕೋಚ್: 150ರಲ್ಲಿ ನಾಲ್ಕು ಕಳೆ. ಅಂಚು 146ಕ್ಕೆ, ನಿನ್ನ ಚೆಂಡು 145ಕ್ಕೆ. ಒಂದೇ ಒಂದು ಯಾರ್ಡ್ ಕಣಪ್ಪ. ಒಂದು ದಿನ ಮೊದಲೇ ಹೋಗು. ಅಲ್ಲಿನ ಅಭ್ಯಾಸದ ರೇಂಜಿನಲ್ಲಿ ಪ್ರತಿ ಐರನ್ನಿನ ದೂರ ಹೊಸದಾಗಿ ಬರೆದುಕೋ, ಆ ಪುಟದ ಫೋಟೋ ನನಗೆ ಕಳಿಸು. ಈ ಲೆಕ್ಕವನ್ನು ಇವತ್ತೇ ಅಪ್ಪನಿಗೆ ತೋರಿಸು.

ಗುಡಿಬಂಡೆ: ಸರ್, ಬಂಕರ್ ವಿಷಯ ಕೇಳಿದ್ದೆ.