ಪಹಣಿ ಸರಿಯಿದ್ದರೂ ಅಳತೆ ಮಾಡಿಸಬೇಕೆ? ಕುಮಟಾ ಬಳಿಯ 18 ಗುಂಟೆ ಜಾಗ

ಪ್ರಶ್ನೆ: ಹುಬ್ಬಳ್ಳಿವಾಸಿ

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ದಡಕ್ಕೆ ಸಮೀಪವಿರುವ 18 ಗುಂಟೆ ತೆಂಗಿನ ಜಾಗವನ್ನು, ಮುಂದೆ ಹೋಂಸ್ಟೇ ಕಟ್ಟುವ ಉದ್ದೇಶದಿಂದ, ಕೊಳ್ಳಬೇಕೆಂದಿದ್ದೇನೆ. ಸರ್ವೆ ನಂಬರಿನ ಒಟ್ಟು ಕ್ಷೇತ್ರ 1 ಎಕರೆ 6 ಗುಂಟೆ. ಪಹಣಿಯಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದು, ತಂದೆಯ ಮರಣಾನಂತರ ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿದೆ. ಈಗ ಅವರಲ್ಲಿ ಒಬ್ಬರು ಮಾತ್ರ ಮಾರುತ್ತಿದ್ದಾರೆ. ಪಹಣಿ ಸ್ವಚ್ಛವಿದೆ, ಇಸಿಯೂ (ಋಣಭಾರ ಪ್ರಮಾಣಪತ್ರ) ನಿಲ್ ಇದೆ, ಅಳತೆ ಎಂದು ಕೂತರೆ ಬೇರೆಯವರು ಮುಂಗಡ ಕೊಟ್ಟುಬಿಡುತ್ತಾರೆ ಎಂಬುದು ಮಧ್ಯವರ್ತಿಯ ಮಾತು. ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದಾಗ ಸರ್ವೆ ನಂಬರ್ ಸರಿಯಾಗಿಯೇ ತೋರಿಸಿತು. ಇಷ್ಟು ಸಾಲದೆ?

ಉತ್ತರ: ಗಜನಿಯಂಚು

ಮೊದಲು ಲೆಕ್ಕ ನೋಡಿ. 1 ಎಕರೆ 6 ಗುಂಟೆ ಎಂದರೆ 46 ಗುಂಟೆ. ಮೂರು ಸಮಪಾಲು ಮಾಡಿದರೆ ಒಬ್ಬರಿಗೆ ಬರುವುದು 15 ಗುಂಟೆ ಚಿಲ್ಲರೆ. ಹಾಗಿದ್ದಾಗ ಅವರು ನಿಮಗೆ 18 ಗುಂಟೆ ಕೊಡುವುದು ಎಲ್ಲಿಂದ? 46ರಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟಿದೆ ಎಂಬುದನ್ನೂ ಪಹಣಿಯ 3ನೇ ಕಾಲಂನಲ್ಲಿ ನೋಡಿಕೊಳ್ಳಿ. ಹಳ್ಳ, ದಾರಿಯಂಥ ಸಾರ್ವಜನಿಕ ಉಪಯೋಗದ 'ಬ' ಖರಾಬನ್ನು ಯಾರೂ ಮಾರಲಾರರು.

ಪಹಣಿಯು ಯಾರದು, ಎಷ್ಟು ಎಂಬುದನ್ನು ಹೇಳುತ್ತದೆಯೇ ಹೊರತು ನೆಲದ ಮೇಲೆ ಎಲ್ಲಿ ಎಂಬುದನ್ನು ಹೇಳುವುದಿಲ್ಲ. ದಿಶಾಂಕ್ ಉಪಯುಕ್ತವೇ, ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುವುದು ಸಹಜ. 60 ಮೀಟರ್ ಉದ್ದದ ಗಡಿ 3 ಮೀಟರ್ ಸರಿದರೆ 180 ಚದರ ಮೀಟರ್, ಅಂದರೆ ಹತ್ತಿರಹತ್ತಿರ ಎರಡು ಗುಂಟೆ ಹೋಯಿತು.

ನಾನೂ ಹಿಂದೊಮ್ಮೆ ಹಳೆಯ ಚಿರೆಕಲ್ಲಿನ ಪಾಗಾರವನ್ನೇ ಗಡಿಯೆಂದು ನಂಬಿ ಜಾಗ ಕೊಂಡವನು. ಎರಡು ವರ್ಷದ ನಂತರ ಪಕ್ಕದವರು ಹದ್ದುಬಸ್ತಿಗೆ (ಗಡಿ ಗುರುತಿಸುವ ಸರ್ಕಾರಿ ಅಳತೆಗೆ) ಅರ್ಜಿ ಹಾಕಿದಾಗ, ಭೂಮಾಪಕರು ಸರಪಳಿ ಎಳೆದು ಗೂಟ ಹೊಡೆದದ್ದು ಪಾಗಾರದಿಂದ ಒಳಗೆ, ನನ್ನ ಬಾವಿಯ ಈಚೆ ಬದಿಗೆ. ಬಾವಿ ಅವರ ಹಿಸ್ಸೆಗೆ ಸೇರಿತ್ತು. ಈಗಲೂ ಅದೇ ನೀರನ್ನು ಅವರ ಒಪ್ಪಿಗೆಯ ಮೇಲೆ ಸೇದುತ್ತಿದ್ದೇನೆ.

ಉತ್ತರ: ಕಾರವಾರದ ವಕೀಲ

ಜಂಟಿ ಖಾತೆಯಲ್ಲಿರುವ ಒಬ್ಬರು ತಮ್ಮ ಅವಿಭಜಿತ ಪಾಲನ್ನು ಮಾರಬಹುದು. ಆದರೆ ರಸ್ತೆಗೆ ತಾಗಿದ ಇದೇ ತುಂಡು ನಿಮ್ಮದು ಎಂದು ತೋರಿಸಿಕೊಡುವ ಅಧಿಕಾರ ಅವರೊಬ್ಬರಿಗೇ ಇಲ್ಲ, ಕಡೆಗೆ ನೀವೇ ವಿಭಾಗದ ದಾವೆ ಹೂಡಬೇಕಾದೀತು. ಆದ್ದರಿಂದ ಮೊದಲು ಅಣ್ಣತಮ್ಮಂದಿರ ಮಧ್ಯೆ ನೋಂದಾಯಿತ ವಿಭಾಗಪತ್ರ ಮತ್ತು 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಭೂಮಾಪನ ಇಲಾಖೆ ಕೊಡುವ ನಕ್ಷೆ) ಎರಡೂ ಆಗಲಿ, ಆ ನಕ್ಷೆಯ ಅಳತೆಯೇ ಕ್ರಯಪತ್ರದ ಷೆಡ್ಯೂಲಿಗೆ (ಆಸ್ತಿ ವಿವರಕ್ಕೆ) ಮತ್ತು ಚಕ್ಕುಬಂದಿಗೆ (ನಾಲ್ಕು ದಿಕ್ಕಿನ ಗಡಿ ವಿವರಕ್ಕೆ) ಬರಲಿ.

ಇಸಿಯಲ್ಲಿ ಕಾಣುವುದು ನೋಂದಾಯಿತ ದಸ್ತಾವೇಜುಗಳು ಮಾತ್ರ. ಬಾಯಿಮಾತಿನ ಹಂಚಿಕೆ, ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿರುವ ದಾವೆ ಇವೆಲ್ಲ ನಿಲ್ ಇಸಿಯ ಹಿಂದೆ ಅಡಗಿ ಕೂರಬಲ್ಲವು. ಕನಿಷ್ಠ 30 ವರ್ಷದ ದಾಖಲೆಗಳ ಸರಣಿಯನ್ನು ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ) ಸಮೇತ ತರಿಸಿ ನೋಡಿ. ಈ ಮನೆತನದಲ್ಲಿ ಹೆಣ್ಣುಮಕ್ಕಳಿದ್ದಾರೆಯೇ ಎಂದು ಖಂಡಿತ ವಿಚಾರಿಸಿ. ಹಿಂದೂ ಕುಟುಂಬದಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರೂ ವಾರಸುದಾರರೇ. ವಾರಸಾದಲ್ಲಿ ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ಅಡ್ಡಿ 2020ರ ತಿದ್ದುಪಡಿಯಿಂದ ಹೋಗಿದೆ, ನಿಜ. ಆದರೆ ಹೋಂಸ್ಟೇಗೆ ಭೂಪರಿವರ್ತನೆ (ಕೃಷಿಯೇತರ ಬಳಕೆಗೆ ಅನುಮತಿ) ಬೇಕು, ಮತ್ತು ಉಪ್ಪುನೀರು ಏರಿಬರುವ ನದಿಯ ದಡಕ್ಕೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಅನ್ವಯಿಸುತ್ತದೆ. ಭರತರೇಖೆಯಿಂದ (ಭರತದ ನೀರು ಏರುವ ಗಡಿಯಿಂದ) ನಿಮ್ಮ ಜಾಗ ಎಷ್ಟು ದೂರವಿದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಿ.

ಉತ್ತರ: ಶಿರಸಿ ತೋಟಿಗ

ಘಟ್ಟದ ಮೇಲೆ ಜಾಗ ನೋಡುವವರಿಗೂ ಒಂದು ಮಾತು. ಇಲ್ಲಿ ತೋಟದ ಜೊತೆ ಬೆಟ್ಟವನ್ನೂ (ಸೊಪ್ಪಿನ ಬೆಟ್ಟ) ತೋರಿಸಿ ದರ ಹೇಳುವುದುಂಟು. ಬೆಟ್ಟದಲ್ಲಿ ತೋಟಿಗರಿಗಿರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಸೌಲಭ್ಯವೇ ವಿನಾ ಒಡೆತನವಲ್ಲ. ಅಗಳ (ಕಂದಕ) ಹೊಡೆದು ಬೇಲಿ ಹಾಕಿದ್ದನ್ನೆಲ್ಲ ಮಾಲ್ಕಿ (ಸ್ವಂತ ಜಮೀನು) ಎಂದು ತಿಳಿಯಬೇಡಿ.

ಹುಬ್ಬಳ್ಳಿವಾಸಿ

ಎಲ್ಲರಿಗೂ ಧನ್ಯವಾದಗಳು. 15 ಗುಂಟೆಯ ಲೆಕ್ಕವನ್ನು ಮುಂದಿಟ್ಟಾಗ, ಉಳಿದ ಮೂರು ಗುಂಟೆ ಹಿರಿಯಣ್ಣ "ಬಿಟ್ಟುಕೊಟ್ಟದ್ದು" ಎಂಬ ಉತ್ತರ ಬಂತು, ಅದಕ್ಕೆ ಕಾಗದವಿಲ್ಲ. ಅಂಕೋಲೆಗೆ ಮದುವೆಯಾಗಿ ಹೋದ ಒಬ್ಬ ಅಕ್ಕ ಇರುವ ಸಂಗತಿಯೂ ಆಗಲೇ ಹೊರಬಿತ್ತು. ವಿಭಾಗಪತ್ರಕ್ಕೆ ಅವರ ಸಹಿಯೂ ಆಗಿ, 11ಇ ನಕ್ಷೆ ಕೈಗೆ ಬರುವವರೆಗೆ ಮುಂಗಡ ಕೊಡುವುದಿಲ್ಲವೆಂದು ಮಧ್ಯವರ್ತಿಗೆ ತಿಳಿಸಿದ್ದೇನೆ.