ನೇಗಿಲು ಬಿಟ್ಟ ಮೇಲೆ ಜೋಳದಲ್ಲಿ ಕಸ ಜಾಸ್ತಿ, ಏನು ಮಾಡಲಿ?

ಪ್ರಶ್ನೆ, ಅಫಜಲಪುರದಿಂದ:
ನಮ್ಮದು ಎರೆ ಭೂಮಿ, 4 ಎಕರೆ ಹಿಂಗಾರಿ ಜೋಳ. ಎರಡು ವರ್ಷದಿಂದ ನೇಗಿಲು ಹೊಡೆದಿಲ್ಲ, ಕಳೆನಾಶಕವೂ ಇಲ್ಲ. ತೇವ ಚೆನ್ನಾಗಿ ಉಳಿಯುತ್ತದೆ, ಆದರೆ ಕರಿಕೆ, ಜೇಕು ಹಬ್ಬಿವೆ. ದೊಡ್ಡ ಚಿಂತೆ ಬೇರೆ. ಜೋಳದ ಬುಡದಲ್ಲಿ ಗೇಣುದ್ದದ ಬಿಳಿ ಹೂವಿನ ಗಿಡ ಎದ್ದಿವೆ. ಅಲ್ಲಿ ಮಾತ್ರ ತೇವ ಇದ್ದರೂ ಜೋಳ ಬಾಡಿದೆ. ಮತ್ತೆ ನೇಗಿಲು ಹೂಡಲಾ?

ಉತ್ತರ, ಆಳಂದದಿಂದ:
ಅಣ್ಣಾ, ಅದು ಸ್ಟ್ರೈಗಾ ಇರಬೇಕು. ಜೋಳದ ಬೇರಿಗೇ ಕಚ್ಚಿಕೊಂಡು ರಸ ಹೀರುತ್ತದೆ. ಬೀಜ ಧೂಳಿನಷ್ಟು ಸಣ್ಣದು, ಮಣ್ಣಲ್ಲಿ 10 ವರ್ಷವಾದರೂ ಸಾಯುವುದಿಲ್ಲ. ಕಾಯಿ ಕಟ್ಟುವ ಮೊದಲೇ ಕಿತ್ತು ಸುಟ್ಟುಬಿಡಿ. ಮುಂದಿನ ವರ್ಷ ಅಲ್ಲಿ ಜೋಳ ಬೇಡ, ಅಲಸಂದಿ ಇಲ್ಲವೇ ಹತ್ತಿ ಹಾಕಿ. ಅವುಗಳ ಬೇರಿಗೆ ಸ್ಟ್ರೈಗಾ ಬೀಜ ಮೊಳೆಯುತ್ತದೆ, ಆದರೆ ಕಚ್ಚಲು ಆಗದೆ ಸಾಯುತ್ತದೆ. ಸಾರ ಕಡಿಮೆ ಇರುವ ಮಣ್ಣಲ್ಲೇ ಇದರ ಕಾಟ ಜಾಸ್ತಿ, ಗೊಬ್ಬರ ಕೊಡಿ.

ಉತ್ತರ, ಹುಮನಾಬಾದಿನಿಂದ:
ಗೊಬ್ಬರ ಚೆನ್ನಾಗಿ ಕಳಿತಿರಲಿ. ನಾನು ಹಸಿ ಸಗಣಿ ಹರಡಿ ಹೊಲ ತುಂಬಾ ಕಸ ತಂದುಕೊಂಡಿದ್ದೆ. ಕರಿಕೆ ಇರುವ ಕಡೆಯಷ್ಟೇ ಬೇಸಿಗೆಯಲ್ಲಿ ಒಮ್ಮೆ ಉಳುಮೆ ಮಾಡಿ, ಬೇರು ಬಿಸಿಲಿಗೆ ಒಣಗಲಿ. ಇಡೀ ಹೊಲ ಯಾಕೆ ಉಳಬೇಕು, ಅಲ್ವಾ?

ಅಫಜಲಪುರದಿಂದ ಮತ್ತೆ:
ಸಂಜೆ ಒಂದು ಚೀಲ ಕಿತ್ತೆ. ಇನ್ನೂ ಹೂವಲ್ಲೇ ಇವೆ. ನಾಳೆ ಮನೆಯವರೆಲ್ಲ ಇಳಿಯುತ್ತೇವೆ.