ಪದ ಬೇಕು (ತುರ್ತು): ಇರಾನಿನಲ್ಲಿ ಅಮೆರಿಕದ ಪರವಾಗಿ ಸ್ವಿಟ್ಜರ್ಲೆಂಡ್ ಮಾಡುವ ಕೆಲಸಕ್ಕೆ

ಎಸ್.ಆರ್.:
ಸ್ವಿಸ್ ವಿದೇಶಾಂಗ ನೀತಿಯ ಲೇಖನವೊಂದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅದರಲ್ಲಿ 'ಪ್ರೊಟೆಕ್ಟಿಂಗ್ ಪವರ್' ಪದೇ ಪದೇ ಬರುತ್ತದೆ, ಜರ್ಮನ್‌ನಲ್ಲಿ 'ಶುಟ್ಸ್‌ಮಾಖ್ಟ್'. ಅಮೆರಿಕ, ಇರಾನ್ ನಡುವೆ ರಾಯಭಾರ ಸಂಬಂಧವಿಲ್ಲ; 1980ರಿಂದ ಟೆಹರಾನಿನಲ್ಲಿ ಅಮೆರಿಕದ ಕೆಲಸ ನೋಡಿಕೊಳ್ಳುತ್ತಿರುವುದು ಸ್ವಿಸ್ ರಾಯಭಾರ ಕಚೇರಿ, ಆ ಅರ್ಥದಲ್ಲಿ. ಸದ್ಯಕ್ಕೆ 'ರಕ್ಷಕ ರಾಷ್ಟ್ರ' ಎಂದು ಹಾಕಿದ್ದೇನೆ. ತಲೆಬರಹಕ್ಕೂ ಬೇಕು, ಉದ್ದವಾಗಬಾರದು.

ಕೆ.ಎನ್.:
ಆಗುವುದಿಲ್ಲ. 'ರಕ್ಷಕ ರಾಷ್ಟ್ರ' ಎಂದರೆ ಸೇನೆ ಕಳಿಸಿದ್ದಾರೆ ಅಂದುಕೊಳ್ಳುತ್ತಾರೆ. 'ಸಂರಕ್ಷಿತ ರಾಜ್ಯ'ದ (ದೊಡ್ಡ ದೇಶವೊಂದರ ರಕ್ಷಣೆಯಡಿ ಇರುವ ರಾಜ್ಯ) ಜೊತೆಗೂ ಗೋಜಲಾಗುತ್ತದೆ. ರಾಯಭಾರ ಸಂಬಂಧಗಳ ಬಗೆಗಿನ 1961ರ ವಿಯೆನ್ನಾ ಒಪ್ಪಂದದ 45ನೇ ವಿಧಿ ನೋಡಿ. ಸಂಬಂಧ ಕಡಿದುಹೋದಾಗ ಒಂದು ದೇಶ ತನ್ನ ಮತ್ತು ತನ್ನ ಪ್ರಜೆಗಳ ಹಿತವನ್ನು ಮೂರನೆಯ ದೇಶಕ್ಕೆ ಒಪ್ಪಿಸಬಹುದು, ಎದುರಿನ ದೇಶವೂ ಆ ಮೂರನೆಯವರನ್ನು ಒಪ್ಪಬೇಕು. ಕಾಯುವುದು ಹಿತವನ್ನು, ನೆಲವನ್ನಲ್ಲ. 'ಹಿತರಕ್ಷಕ ದೇಶ' ಎನ್ನಿ. 'ಪವರ್' ಕಂಡಲ್ಲೆಲ್ಲ 'ಶಕ್ತಿ' ತುರುಕಬೇಡಿ.

ಬಿ.ಜಿ.:
ಮತ್ತೆ ಸಂಸ್ಕೃತವೇ? 'ಕಾಪು' ಎಂಬ ಅಚ್ಚಗನ್ನಡ ಪದವಿದೆ. 'ಕಾಪುನಾಡು'.

ಕೆ.ಎನ್.:
ಕಾಪು ಇರುವುದು ಉಡುಪಿಯ ಹತ್ತಿರ, ದೀಪಸ್ತಂಭ ಸಮೇತ. ಮುಂದಿನ ಸಲಹೆ?

ಎಂ.ಎಚ್.:
'ವಕಾಲತ್ತು' ಯಾಕೆ ಬೇಡ? ಪುಣೆಯ ದರ್ಬಾರಿನಲ್ಲಿ ಹೈದರಾಲಿ, ಟಿಪ್ಪುವಿನ ಪರ ಕೂರುತ್ತಿದ್ದವರನ್ನು ವಕೀಲರೆಂದೇ ಕರೆಯುತ್ತಿದ್ದರು. ರಾಯಭಾರದ ಅರ್ಥ ಆ ಪದದಲ್ಲೇ ಇದೆ. 1971ರ ಯುದ್ಧದಲ್ಲಿ ಸಂಬಂಧ ಕಡಿದಾಗ ಪಾಕಿಸ್ತಾನದಲ್ಲಿ ಭಾರತದ ವಕಾಲತ್ತು ವಹಿಸಿದವರೂ ಸ್ವಿಸ್ಸರೇ, 1976ರವರೆಗೆ.

ಬಿ.ಜಿ.:
ಸಂಸ್ಕೃತ ಬೇಡವೆಂದರೆ ಅರಬ್ಬಿಯೇ? ಚೆನ್ನಾಯಿತು.

ಎಂ.ಎಚ್.:
ಜಿಲ್ಲೆ, ತಾಲೂಕು, ಅರ್ಜಿ, ಜಮೀನು ಎಲ್ಲ ಬಿಟ್ಟು ಒಂದು ದಿನ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ.

ಕೆ.ಎನ್.:
ಅರಬ್ಬಿ ಎಂಬುದು ತಕರಾರೇ ಅಲ್ಲ, ಅರ್ಥ ತಕರಾರು. 'ಅವನ ಪರ ವಕಾಲತ್ತು ಮಾಡಬೇಡ' ಅಂದರೆ ಈಗ ಪಕ್ಷ ವಹಿಸಬೇಡ ಅಂತ. ಸ್ವಿಸ್ಸರು ವಾದಿಸುವುದಿಲ್ಲ. ಎರಡೂ ಕಡೆಯ ಪತ್ರ ತಲುಪಿಸುತ್ತಾರೆ, ಅಮೆರಿಕನ್ ಪ್ರಜೆಗಳ ಪಾಸ್‌ಪೋರ್ಟ್ ಕೆಲಸ ನೋಡುತ್ತಾರೆ. ಇರಾನಿಯರಿಗೆ ಅಮೆರಿಕದ ವೀಸಾ ಅಲ್ಲಿ ಕೊಡುವುದಿಲ್ಲ. ಅದಕ್ಕೆ ಬೇರೆ ದೇಶದಲ್ಲಿರುವ ಅಮೆರಿಕದ ಕಚೇರಿಗೆ ಹೋಗಬೇಕು. ಇದೇ ಕಾರಣಕ್ಕೆ 'ಮಧ್ಯಸ್ಥ' ಕೂಡ ಬೇಡ. ಸಂಧಾನ ಬೇರೆ ಕೆಲಸ, ಇಬ್ಬರೂ ಕೇಳಿದರೆ ಮಾತ್ರ.

ಎಸ್.ಆರ್., ಹವಾನಾ ಬಂದಲ್ಲಿ ಎಚ್ಚರ. ಕ್ಯೂಬಾದಲ್ಲೂ 1961ರಿಂದ 2015ರವರೆಗೆ ಸ್ವಿಸ್ಸರೇ, ಆದರೆ 1977ರಲ್ಲಿ ಅಮೆರಿಕನ್ನರೇ ಮರಳಿ ಬಂದು ಸ್ವಿಸ್ ರಾಯಭಾರದ ಹೆಸರಿನಡಿ ಕೂತರು. ಅದು 'ಹಿತಾಸಕ್ತಿ ವಿಭಾಗ'. ಹಿತರಕ್ಷಕ ದೇಶ ಸ್ವಿಟ್ಜರ್ಲೆಂಡ್ ಆಗಿತ್ತು, ವಿಭಾಗದ ಸಿಬ್ಬಂದಿ ಅಮೆರಿಕನ್ನರಾಗಿದ್ದರು. ಎರಡಕ್ಕೂ ಒಂದೇ ಪದ ಹಾಕಿದರೆ ಪ್ಯಾರಾ ಕೆಡುತ್ತದೆ. ಯುದ್ಧಕೈದಿಗಳ ಮಾತು ಬಂದರೆ ಅದು ಯುದ್ಧಕಾಲದ ನಿಯಮಗಳಾದ 1949ರ ಜಿನೀವಾ ಒಪ್ಪಂದಗಳ ಅರ್ಥ; ಪದ ಅದೇ ಇರಲಿ, ಅಡಿಟಿಪ್ಪಣಿ ಕೊಡಿ.

ಎಸ್.ಆರ್.:
'ಹಿತರಕ್ಷಕ ದೇಶ' ಹಾಕಿದೆ. ತಲೆಬರಹದ ಸಾಲಿನಲ್ಲೂ ಹಿಡಿಸಿತು. ಧನ್ಯವಾದ.

ಬಿ.ಜಿ.:
'ದೇಶ'ದ ಜಾಗದಲ್ಲಿ 'ನಾಡು' ಆದರೂ ಹಾಕಬಹುದಿತ್ತು.

ಎಂ.ಎಚ್.:
'ಜಾಗ' ಯಾವ ಭಾಷೆ ಸ್ವಾಮಿ?